ಕೊನೆಯ ಮಾತು ಯಾರದು?

(ಮಹಿಳಾ ವಿಭಾಗದ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹ ರೂಪ)



ಪುಣೆಗೆ ಬಂದು ಇಪ್ಪತ್ತೇಳು ವರ್ಷಗಳಾದವು. ಅದರಲ್ಲಿ ಹೆಚ್ಚಿನ ಕಾಲವನ್ನು ಸಣ್ಣ ಮತ್ತು ಮಧ್ಯಮ ಗಾತ್ರದ ಕಾರ್ಖಾನೆಗಳ ಲೆಕ್ಕಪತ್ರ ವಿಭಾಗದಲ್ಲಿ ಕಳೆದಿದ್ದೇನೆ. ಲೆಕ್ಕದವರ ಮೇಜಿಗೆ ಎಲ್ಲ ಕಾಗದಗಳೂ ಬರುತ್ತವೆ. ಯಾರು ಏನು ಖರೀದಿಸಿದರು, ಯಾರಿಗೆ ಎಷ್ಟು ಸಂಬಳ ಏರಿತು, ಯಾರು ಏಕೆ ಬಿಟ್ಟು ಹೋದರು ಎಂಬುದು ನಮಗೆ ಮೊದಲು ತಿಳಿಯುತ್ತದೆ. ಅದನ್ನೆಲ್ಲ ನೋಡಿದ ಮೇಲೆ ನನಗೆ ಅನಿಸಿದ್ದನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

ನಮ್ಮ ಸಂಘದಲ್ಲೇ ಈಗ ಎಷ್ಟೊಂದು ಜನ ಸ್ವಂತ ಉದ್ಯೋಗ ನಡೆಸುತ್ತಿದ್ದೀರಿ! ಹೋಳಿಗೆ, ಚಟ್ನಿಪುಡಿ ಮಾಡುವವರಿದ್ದೀರಿ. ಇಳಕಲ್ ಸೀರೆ ತರಿಸಿ ಮಾರುವವರಿದ್ದೀರಿ. ಕೋಚಿಂಗ್ ಕ್ಲಾಸ್ ನಡೆಸುವವರು, ಗಂಡನ ಜೊತೆ ಸೇರಿ ಸಾಫ್ಟ್‌ವೇರ್ ಕಂಪನಿ ಕಟ್ಟಿದವರೂ ಇದ್ದೀರಿ. ಬಂಡವಾಳ ಎಲ್ಲಿಂದ ತರಬೇಕು, ಜಿಎಸ್‌ಟಿ ಹೇಗೆ ಕಟ್ಟಬೇಕು, ಇನ್‌ಸ್ಟಾಗ್ರಾಮ್‌ನಲ್ಲಿ ಹೇಗೆ ಪ್ರಚಾರ ಮಾಡಬೇಕು ಎಂದು ಹೇಳಿಕೊಡುವವರು ಬಹಳ ಜನ ಇದ್ದಾರೆ. 'ನಿಮ್ಮಲ್ಲಿ ಕೊನೆಯ ಮಾತು ಯಾರದು?' ಎಂದು ಮಾತ್ರ ಯಾರೂ ಕೇಳುವುದಿಲ್ಲ. ಇಂದು ನಾನು ಮಾತಾಡುವುದು ಅದರ ಬಗ್ಗೆಯೇ.

ನಾಯಕತ್ವ ಸ್ಪಷ್ಟವಾಗಿಲ್ಲ ಎಂದರೆ ನಾಯಕರೇ ಇಲ್ಲ ಎಂದು ಅರ್ಥವಲ್ಲ. ಹೆಚ್ಚಿನ ಕಡೆ ನಾನು ಕಂಡಿದ್ದು ಇದಕ್ಕೆ ಉಲ್ಟಾ. ಒಂದೇ ವಿಷಯಕ್ಕೆ ಮೂವರು ಯಜಮಾನರು ಇರುತ್ತಾರೆ. ಇಲ್ಲವಾದರೆ ಬೋರ್ಡಿನ ಮೇಲೆ ಒಬ್ಬರ ಹೆಸರು, ತೀರ್ಮಾನ ಮಾತ್ರ ಇನ್ನೊಬ್ಬರದು. ಅದೂ ಅಲ್ಲದಿದ್ದರೆ ಜವಾಬ್ದಾರಿ ಒಬ್ಬರಿಗೆ, ಚೆಕ್ಕಿಗೆ ಸಹಿ ಹಾಕುವ ಅಧಿಕಾರ ಮತ್ತೊಬ್ಬರಿಗೆ. ಈ ಮೂರರಲ್ಲಿ ಯಾವುದಿದ್ದರೂ ಕೆಳಗೆ ಕೆಲಸ ಮಾಡುವವರಿಗೆ ಗೊಂದಲ ತಪ್ಪಿದ್ದಲ್ಲ.

ವ್ಯವಹಾರ ಚಿಕ್ಕದಿದ್ದಾಗ ಇದು ಯಾರಿಗೂ ಕಾಣುವುದಿಲ್ಲ. ಯಾಕೆ ಎಂದು ಒಂದು ಸಣ್ಣ ಲೆಕ್ಕದಿಂದ ಹೇಳುತ್ತೇನೆ. ಐದು ಜನ ಕೆಲಸ ಮಾಡುವಲ್ಲಿ ಒಬ್ಬರು ಇನ್ನೊಬ್ಬರ ಜೊತೆ ಮಾತಾಡುವ ಜೋಡಿಗಳು 10. ಎಲ್ಲರೂ ಒಂದೇ ಕೋಣೆಯಲ್ಲಿರುತ್ತಾರೆ, ಒಬ್ಬರು ಹೇಳಿದ್ದು ಎಲ್ಲರ ಕಿವಿಗೆ ಬೀಳುತ್ತದೆ. ತಪ್ಪಾದರೆ ಚಹಾ ಕುಡಿಯುವಷ್ಟರಲ್ಲಿ ಸರಿಯಾಗುತ್ತದೆ. ಅದೇ ಹದಿನೈದು ಜನರಾದರೆ ಜೋಡಿಗಳು 105, ಐವತ್ತು ಜನರಾದರೆ 1,225! ಜನ ಹತ್ತು ಪಟ್ಟು ಹೆಚ್ಚಾದರೆ ಮಾತು ತಪ್ಪಿಹೋಗುವ ದಾರಿಗಳು ನೂರು ಪಟ್ಟಿಗಿಂತ ಹೆಚ್ಚಾದವು. ಅಲ್ಲಿಯವರೆಗೆ ಬಾಯಿಮಾತಿನಲ್ಲಿ ನಡೆದುಹೋಗುತ್ತಿದ್ದುದು ಇನ್ನು ಮುಂದೆ ನಡೆಯುವುದಿಲ್ಲ. ಆದ್ದರಿಂದಲೇ ಬೆಳೆಯುತ್ತಿರುವ ಕಂಪನಿಗೆ ಇದರ ಪೆಟ್ಟು ಹೆಚ್ಚು. ಯಜಮಾನರು ಮಾತ್ರ "ಮೊದಲು ಎಲ್ಲ ಚೆನ್ನಾಗಿತ್ತು, ಈಗಿನ ಹುಡುಗರಿಗೆ ಶ್ರದ್ಧೆ ಇಲ್ಲ" ಎಂದು ಕೆಲಸಗಾರರನ್ನೇ ದೂರುತ್ತಾರೆ.

ನಾನು ಕೆಲಸ ಮಾಡಿದ ಒಂದು ಕಾರ್ಖಾನೆಯ ಕಥೆ ಹೇಳುತ್ತೇನೆ. ಅದರ ಹೆಸರು ಬೇಡ. ಭೋಸರಿ ಕೈಗಾರಿಕಾ ಪ್ರದೇಶದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಘಟಕ ಅದು. ನಾನು ಸೇರಿದಾಗ ನಲವತ್ತು ಜನರಿದ್ದರು. ನಾಲ್ಕೇ ವರ್ಷಗಳಲ್ಲಿ ಚಾಕಣದ ದೊಡ್ಡ ಕಂಪನಿಗಳ ಆರ್ಡರ್ ಸಿಕ್ಕು ನೂರೈವತ್ತು ಜನರಾದರು. ಯಜಮಾನರು ಮೂವರು: ಕಾರ್ಖಾನೆ ಕಟ್ಟಿದ ಹಿರಿಯರು, ಅವರ ತಮ್ಮ, ಎಂಬಿಎ ಓದಿ ಬಂದ ಮಗ. ಮೂವರೂ ಒಳ್ಳೆಯವರೇ. ಬೆಳಿಗ್ಗೆ ಎಂಟಕ್ಕೆ ಬಂದರೆ ರಾತ್ರಿ ಎಂಟಕ್ಕೆ ಮನೆಗೆ ಹೋಗುವವರು. ಹಿರಿಯರು ತಾವು ನಿವೃತ್ತರು ಎಂದು ಎಲ್ಲರ ಮುಂದೆ ಹೇಳುತ್ತಿದ್ದರು, ಆದರೆ ದಿನಾ ಶಾಪ್ ಫ್ಲೋರಿಗೆ ಬಂದು ಯಾವ ಮಷಿನ್ ಮೇಲೆ ಯಾವ ಕೆಲಸ ಹಾಕಬೇಕೆಂದು ಬದಲಾಯಿಸುತ್ತಿದ್ದರು. ತಮ್ಮ ಖರೀದಿ ನೋಡಿಕೊಳ್ಳುತ್ತಿದ್ದರು. ಮಗ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದರು.

ಒಮ್ಮೆ ಒಂದೇ ವಾರದಲ್ಲಿ ಒಂದೇ ಅಳತೆಯ ಸ್ಟೀಲ್ ಬಾರ್‌ಗೆ ಎರಡು ಪರ್ಚೇಸ್ ಆರ್ಡರ್ ಹೋದವು. ಒಂದು ಚಿಕ್ಕಪ್ಪನದು, ಇನ್ನೊಂದು ಮಗನದು. ಎರಡೂ ಲಾರಿ ಒಂದೇ ದಿನ ಗೇಟಿಗೆ ಬಂದವು. ಮೂರು ತಿಂಗಳಿಗೆ ಸಾಕಾಗುವಷ್ಟು ಮಾಲು ಅಂಗಳದಲ್ಲಿ ಬಿದ್ದಿತ್ತು, ಆ ತಿಂಗಳ ಸಂಬಳಕ್ಕೆ ಬ್ಯಾಂಕಿನಲ್ಲಿ ಹಣ ಇರಲಿಲ್ಲ. ಇನ್ನೊಮ್ಮೆ ಒಬ್ಬ ಗಿರಾಕಿಗೆ ಹಿರಿಯರು ಹದಿನೈದು ದಿನದಲ್ಲಿ ಮಾಲು ಕೊಡುವುದಾಗಿ ಫೋನಿನಲ್ಲಿ ಮಾತು ಕೊಟ್ಟರು. ಅದೇ ಗಿರಾಕಿಗೆ ಮಗ ಮೂವತ್ತು ದಿನ ಎಂದು ಮೇಲ್ ಬರೆದಿದ್ದರು. ಪ್ರೊಡಕ್ಷನ್ ಮ್ಯಾನೇಜರ್‌ಗೆ ಎರಡೂ ಕಡೆಯಿಂದ ಬೈಗುಳ. ಹನ್ನೊಂದು ವರ್ಷ ದುಡಿದ ಆ ಮನುಷ್ಯ ದೀಪಾವಳಿಯ ಬೋನಸ್ ತೆಗೆದುಕೊಂಡು ಮರುದಿನ ರಾಜೀನಾಮೆ ಕೊಟ್ಟರು. ಅವರ ಜಾಗಕ್ಕೆ ಬಂದ ಇಬ್ಬರೂ ವರ್ಷ ತುಂಬುವ ಮೊದಲೇ ಹೋದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತೇವಲ್ಲ, ಹಾಗೆ. ವಿಚಿತ್ರವೆಂದರೆ ಅಲ್ಲಿ ಜಗಳವೂ ಇರಲಿಲ್ಲ. ಮೂವರೂ ಮಧ್ಯಾಹ್ನ ಒಂದೇ ಮೇಜಿನಲ್ಲಿ ಡಬ್ಬಿ ಬಿಚ್ಚಿ ಊಟ ಮಾಡುತ್ತಿದ್ದರು.

ಇಂಥ ಜಾಗದಲ್ಲಿ ಕೆಲಸಗಾರರು ಏನು ಮಾಡುತ್ತಾರೆ? ನಾನು ಕಂಡಂತೆ ನಾಲ್ಕು ಅಭ್ಯಾಸಗಳು ಬೆಳೆಯುತ್ತವೆ. ಒಂದು, ತಮಗೆ ಬೇಕಾದ ಉತ್ತರ ಕೊಡುವ ಯಜಮಾನರನ್ನು ಹುಡುಕಿಕೊಂಡು ಹೋಗುತ್ತಾರೆ. ರಜೆ ಬೇಕಾದರೆ ಹಿರಿಯರ ಹತ್ತಿರ, ಮುಂಗಡ ಹಣ ಬೇಕಾದರೆ ಚಿಕ್ಕಪ್ಪನ ಹತ್ತಿರ. ಮಕ್ಕಳು ಅಮ್ಮ ಬೇಡ ಎಂದದ್ದನ್ನು ಅಜ್ಜಿಯ ಹತ್ತಿರ ಕೇಳುತ್ತಾರಲ್ಲ, ಅದೇ ರೀತಿ. ಎರಡು, ಹೇಳುವ ತನಕ ಸುಮ್ಮನೆ ಕೂರುತ್ತಾರೆ. ಮಾಡಿದರೂ ಬೈಗುಳ, ಮಾಡದಿದ್ದರೂ ಬೈಗುಳ ಎಂದಾದರೆ ಮಾಡದಿರುವುದೇ ಲೇಸು. ಮೂರು, ಪ್ರತಿಯೊಂದಕ್ಕೂ ಕಾಗದದ ರಕ್ಷಣೆ ಹುಡುಕುತ್ತಾರೆ. ಒಂದು ಬೋಲ್ಟ್ ತರಿಸಲು ಆರು ಜನರಿಗೆ ಮೇಲ್ ಕಾಪಿ ಹೋಗುತ್ತದೆ. ನಾಲ್ಕು, ಬೇರೆ ಕಡೆ ಕೆಲಸ ಸಿಗುವಂಥ ಒಳ್ಳೆಯವರು ಮೊದಲು ಹೊರಡುತ್ತಾರೆ. ಉಳಿಯುವವರು ಎಲ್ಲಿಗೂ ಹೋಗಲಾಗದವರು.

ಹೆಂಗಸರಿಗೆ ಇದರ ಪೆಟ್ಟು ಇನ್ನೂ ಹೆಚ್ಚು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ನಿಮಗೆ ಗೊತ್ತಿದೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಪ್ರತಿಯೊಂದು ಕಡೆಯೂ ಆಂತರಿಕ ಸಮಿತಿ ಇರಬೇಕು. ಹಿರಿಯ ಹುದ್ದೆಯಲ್ಲಿರುವ ಮಹಿಳೆ ಅದರ ಅಧ್ಯಕ್ಷೆ, ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರು, ಹೊರಗಿನ ಒಬ್ಬ ಸದಸ್ಯರು. ಈ ಸಮಿತಿಯನ್ನು ಉದ್ಯೋಗದಾತ ಲಿಖಿತ ಆದೇಶದ ಮೂಲಕ ರಚಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಸಹಿ ಹಾಕುವ ಒಬ್ಬರು ಬೇಕು.

ಆ ಭೋಸರಿ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೆಂಗಸರಿದ್ದರು. ಅವರಲ್ಲಿ ಹಲವರು ನಮ್ಮ ಕಲಬುರಗಿ, ವಿಜಯಪುರದ ಕಡೆಯವರು. ಆದೇಶದ ಕರಡನ್ನು ನಾನೇ ಟೈಪ್ ಮಾಡಿಸಿ ಹಿರಿಯರ ಮೇಜಿನ ಮೇಲೆ ಇಟ್ಟೆ. "ನಾನೀಗ ನಿವೃತ್ತ, ಮಗನಿಗೆ ತೋರಿಸಿ" ಎಂದರು. ಮಗ, "ಸಿಬ್ಬಂದಿ ವಿಷಯ ಚಿಕ್ಕಪ್ಪನದು" ಎಂದರು. ಚಿಕ್ಕಪ್ಪ, "ಅಣ್ಣನನ್ನು ಕೇಳದೆ ನಾನು ಇಂಥದ್ದಕ್ಕೆ ಸಹಿ ಹಾಕುವುದಿಲ್ಲ" ಎಂದರು. ಏಳು ತಿಂಗಳು ಆ ಕಾಗದ ಮೂರು ಮೇಜುಗಳ ನಡುವೆ ತಿರುಗಿತು. ಅಷ್ಟರಲ್ಲಿ ಒಬ್ಬಳು ಹುಡುಗಿ ಒಬ್ಬ ಸೂಪರ್‌ವೈಸರನ ಮೇಲೆ ದೂರು ಹೇಳಿದಳು. ನಾನು ಆ ದೂರನ್ನು ಬರೆಸಿಕೊಂಡು ಮೂವರ ಹತ್ತಿರವೂ ಹೋದೆ. ಮೂವರೂ ಮರುಗಿದರು. "ವಿಚಾರಿಸೋಣ" ಎಂದರು. ವಿಚಾರಿಸುವ ಅಧಿಕಾರ ಯಾರಿಗೂ ಇರಲಿಲ್ಲ. ಒಂದು ಸೋಮವಾರ ಅವಳು ಬರಲಿಲ್ಲ. ಬಾಕಿ ಸಂಬಳವನ್ನು ಅವಳ ಅಣ್ಣ ಬಂದು ಒಯ್ದ. ಅದಾಗಿ ಹದಿನೈದು ದಿನಕ್ಕೆ ಆದೇಶಕ್ಕೆ ಸಹಿ ಬಿತ್ತು.

ಆ ಮೂವರಲ್ಲಿ ಒಬ್ಬರೂ ಕೆಟ್ಟವರಲ್ಲ ಎಂದು ಮೊದಲೇ ಹೇಳಿದೆ. ಅದನ್ನೇ ನೀವು ಗಮನಿಸಬೇಕು. ಹೊಣೆ ಇಂಥವರದು ಎಂದು ಗೊತ್ತಿಲ್ಲದ ಕಡೆ ಒಳ್ಳೆಯವರ ಒಳ್ಳೆಯತನವೂ ಕೆಲಸಕ್ಕೆ ಬರುವುದಿಲ್ಲ.

"ನಮ್ಮಲ್ಲಿ ಯಜಮಾನರೇ ಬೇಡ, ಎಲ್ಲ ಹೆಂಗಸರೂ ಸಮಾನ, ಎಲ್ಲರೂ ಸೇರಿ ತೀರ್ಮಾನಿಸೋಣ" ಎಂದು ನಿಮ್ಮಲ್ಲಿ ಕೆಲವರು ಅಂದುಕೊಳ್ಳಬಹುದು. ಈ ಪ್ರಯೋಗ ಹಿಂದೆಯೇ ನಡೆದಿದೆ. ಅಮೆರಿಕದಲ್ಲಿ ಅರವತ್ತು ಎಪ್ಪತ್ತರ ದಶಕದಲ್ಲಿ ಮಹಿಳಾ ವಿಮೋಚನೆಯ ಗುಂಪುಗಳು ನಾಯಕಿಯರೇ ಇಲ್ಲದೆ ನಡೆಯಲು ಹೊರಟವು. ಅದೇ ಚಳವಳಿಯ ಜೋ ಫ್ರೀಮನ್ 1970ರಲ್ಲಿ ಒಂದು ಭಾಷಣ ಮಾಡಿದರು. ಅದು ಮುಂದೆ 'ದಿ ಟಿರನಿ ಆಫ್ ಸ್ಟ್ರಕ್ಚರ್‌ಲೆಸ್‌ನೆಸ್' ಎಂಬ ಪ್ರಬಂಧವಾಗಿ ಪ್ರಸಿದ್ಧವಾಯಿತು. ಅವರ ವಾದದ ತಿರುಳು ಇಷ್ಟು: ನಾಯಕಿ ಇಲ್ಲ ಎಂದು ಹೇಳಿಕೊಳ್ಳುವ ಗುಂಪಿನಲ್ಲೂ ನಾಯಕತ್ವ ಇರುತ್ತದೆ, ಅದು ಗೆಳತಿಯರ ಒಳವೃತ್ತಕ್ಕೆ ಸೇರಿಹೋಗುತ್ತದೆ. ಹೊರಗಿನವಳಿಗೆ ಯಾರನ್ನು ಕೇಳಬೇಕೆಂದು ತಿಳಿಯುವುದಿಲ್ಲ. ಹೆಸರಿಲ್ಲದ ನಾಯಕಿಯನ್ನು ಪ್ರಶ್ನಿಸುವುದಕ್ಕೂ ಬರುವುದಿಲ್ಲ, ಬದಲಾಯಿಸುವುದಕ್ಕೂ ಬರುವುದಿಲ್ಲ. ನಮ್ಮ ಮಹಿಳಾ ಮಂಡಳಿಗಳಲ್ಲೂ ಇದನ್ನು ಕಂಡಿದ್ದೇವೆ. ಯಾರೂ ಕೈ ಎತ್ತಬೇಡಿ!

ಈಗ ದೊಡ್ಡ ಕಂಪನಿಗಳತ್ತ ಬರೋಣ. ಧೀರೂಭಾಯಿ ಅಂಬಾನಿಯವರು 2002ರ ಜುಲೈ 6ರಂದು ಉಯಿಲು ಬರೆಯದೆ ತೀರಿಕೊಂಡರು. ಹಿರಿಯ ಮಗ ಮುಕೇಶ್ ಅಧ್ಯಕ್ಷರಾದರು, ಕಿರಿಯ ಮಗ ಅನಿಲ್ ಉಪಾಧ್ಯಕ್ಷರಾದರು. ಹುದ್ದೆಗಳೇನೋ ಇದ್ದವು, ಆದರೆ ಒಡೆತನ ಯಾರಿಗೆಷ್ಟು ಎಂಬುದು ಇತ್ಯರ್ಥವಾಗಿರಲಿಲ್ಲ. 2004ರ ನವೆಂಬರ್‌ನಲ್ಲಿ ಆ ಭಿನ್ನಾಭಿಪ್ರಾಯ ಬಹಿರಂಗವಾಯಿತು. ತಿಂಗಳುಗಟ್ಟಲೆ ಷೇರುದಾರರು ಪತ್ರಿಕೆ ನೋಡಿ ಕಂಗಾಲಾದರು. ಕೊನೆಗೆ 2005ರ ಜೂನ್‌ನಲ್ಲಿ ತಾಯಿ ಕೋಕಿಲಾಬೆನ್ ಅವರು ಇಬ್ಬರಿಗೂ ವ್ಯವಹಾರ ಹಂಚಿಕೆಯಾದುದನ್ನು ಪ್ರಕಟಿಸಿದರು. ಕಂಪನಿಯಲ್ಲಿ ಯಾವ ಹುದ್ದೆಯೂ ಇಲ್ಲದ ತಾಯಿ ದೇಶದ ಅತಿ ದೊಡ್ಡ ಖಾಸಗಿ ಉದ್ಯಮವೊಂದರ ಗೊಂದಲ ಬಿಡಿಸಬೇಕಾಯಿತು. ಮಕ್ಕಳಿಬ್ಬರಿಗೆ ಅಂಗಡಿ ಬಿಟ್ಟು ಹೋಗುವ ಪ್ರತಿಯೊಬ್ಬರೂ ಇದನ್ನು ನೆನಪಿಡಬೇಕು.

ಎರಡನೆಯದು ನಮ್ಮ ಇನ್ಫೋಸಿಸ್. ಅದು 1981ರಲ್ಲಿ ಹುಟ್ಟಿದ್ದು ನಮ್ಮ ಈ ಪುಣೆಯಲ್ಲೇ. ಸುಧಾ ಮೂರ್ತಿಯವರು ಕೊಟ್ಟ 10,000 ರೂಪಾಯಿಯ ಕಥೆ ಎಲ್ಲರಿಗೂ ಬಾಯಿಪಾಠ. ಮುಂದೆ 2014ರಲ್ಲಿ ಮೊದಲ ಬಾರಿಗೆ ಸಂಸ್ಥಾಪಕರಲ್ಲದ ವಿಶಾಲ್ ಸಿಕ್ಕಾ ಸಿಇಒ ಆದರು. ಕೆಲವೇ ವರ್ಷಗಳಲ್ಲಿ ಆಡಳಿತದ ರೀತಿನೀತಿಯ ಬಗ್ಗೆ ಸಂಸ್ಥಾಪಕ ನಾರಾಯಣ ಮೂರ್ತಿಯವರಿಗೂ ನಿರ್ದೇಶಕ ಮಂಡಳಿಗೂ ಭಿನ್ನಾಭಿಪ್ರಾಯ ಬಂದು, ಅದು ಪತ್ರಿಕೆಗಳಿಗೆ ಹೋಯಿತು. 2017ರ ಆಗಸ್ಟ್ 18ರಂದು ಸಿಕ್ಕಾ ರಾಜೀನಾಮೆ ಕೊಟ್ಟರು. ಅಂದು ಒಂದೇ ದಿನ ಷೇರು ಬೆಲೆ ಸುಮಾರು ಶೇಕಡ 10ರಷ್ಟು ಕುಸಿಯಿತು. ಒಂದೇ ವಾರದಲ್ಲಿ ನಂದನ್ ನಿಲೇಕಣಿಯವರು ಅಧ್ಯಕ್ಷರಾಗಿ ಮರಳಿ ಬಂದರು. 2018ರ ಜನವರಿಯಲ್ಲಿ ಸಲೀಲ್ ಪಾರೇಖ್ ಸಿಇಒ ಆದರು. ಯಾರು ಸರಿ, ಯಾರು ತಪ್ಪು ಎಂಬ ತೀರ್ಪು ನಮಗೆ ಬೇಡ. ಸಂಸ್ಥಾಪಕರ ಮಾತಿನ ತೂಕ ಎಷ್ಟು, ಮಂಡಳಿಯ ಅಧಿಕಾರ ಎಲ್ಲಿಯವರೆಗೆ ಎಂಬುದು ಅಷ್ಟು ದೊಡ್ಡ ಕಂಪನಿಯಲ್ಲೂ ಗೊಂದಲ ಎಬ್ಬಿಸಬಹುದು ಎಂಬುದಷ್ಟೇ ನಮಗೆ ಪಾಠ.

ಅದೇ ಇನ್ಫೋಸಿಸ್‌ನ ಇನ್ನೊಂದು ಮಾತು ಹೆಂಗಸರಾದ ನಮಗೆ ಮುಖ್ಯ. ಗಂಡ ಹೆಂಡತಿ ಇಬ್ಬರೂ ಕಂಪನಿಯಲ್ಲಿ ಇರಬಾರದು ಎಂದು ಮೂರ್ತಿಯವರು ಆರಂಭದಲ್ಲೇ ತೀರ್ಮಾನಿಸಿದ್ದರು. ಎಂಜಿನಿಯರ್ ಆಗಿದ್ದ ಸುಧಾ ಅವರು ಹೊರಗುಳಿದರು. ಎಷ್ಟೋ ವರ್ಷಗಳ ನಂತರ, ಅಂದಿನ ತಮ್ಮ ಆ ಆದರ್ಶ ಸರಿಯಾಗಿರಲಿಲ್ಲ ಎಂದು ಮೂರ್ತಿಯವರೇ ಒಂದು ಸಂದರ್ಶನದಲ್ಲಿ ಹೇಳಿದರು. ಇದರಿಂದ ನಾನು ತಿಳಿದುಕೊಂಡದ್ದು ಇದು: ಗೊಂದಲವಾದೀತೆಂದು ಹೆದರಿ ಮನೆಯ ಹೆಣ್ಣನ್ನು ಹೊರಗಿಡಬೇಕಾಗಿಲ್ಲ. ಅವಳ ಕೆಲಸವೇನು, ಅಧಿಕಾರವೇನು ಎಂದು ಬರೆದರೆ ಸಾಕು. ಕೌಂಟರಿನಲ್ಲಿ ಕೂರಿಸಿ 'ಮೇಡಂ' ಎಂದು ಕರೆದು, ಐನೂರು ರೂಪಾಯಿ ರಿಯಾಯಿತಿ ಕೊಡಲೂ ಗಂಡನಿಗೆ ಫೋನ್ ಮಾಡಬೇಕಾದ ಸ್ಥಿತಿಯಲ್ಲಿ ಇಡುವುದು ಪಾಲುದಾರಿಕೆಯಲ್ಲ.

ಸರಿಯಾದ ಉದಾಹರಣೆಯೂ ಬೇಕಲ್ಲ? ಅದಕ್ಕೆ ದೂರ ಹೋಗಬೇಕಾಗಿಲ್ಲ. 1959ರ ಮಾರ್ಚ್ 15ರಂದು ಮುಂಬಯಿಯ ಗಿರ್ಗಾಂವ್‌ನಲ್ಲಿ ಏಳು ಮಂದಿ ಹೆಂಗಸರು 80 ರೂಪಾಯಿ ಸಾಲ ಪಡೆದು ಹಪ್ಪಳ ಒತ್ತಲು ಕೂತರು. ಅದೇ ಲಿಜ್ಜತ್. ಅವರಲ್ಲಿ ಒಬ್ಬರಾದ ಜಸ್ವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಇಂದು ಅಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಸದಸ್ಯೆಯರಿದ್ದಾರೆ. ಎಲ್ಲರೂ ಒಡತಿಯರು, ಎಲ್ಲರೂ 'ಬೆಹನ್'. ಆದರೆ ಪ್ರತಿ ಶಾಖೆಗೆ ಒಬ್ಬ ಸಂಚಾಲಿಕಾ ಇದ್ದಾರೆ, ಎಲ್ಲದರ ಮೇಲೆ 21 ಜನರ ವ್ಯವಸ್ಥಾಪಕ ಸಮಿತಿ ಇದೆ. ಹಿಟ್ಟು ಶಾಖೆಯಿಂದಲೇ ಸಿಗುತ್ತದೆ. ಮನೆಯಲ್ಲಿ ಒತ್ತಿ ತಂದ ಹಪ್ಪಳವನ್ನು ಪರೀಕ್ಷಿಸಿಯೇ ತೆಗೆದುಕೊಳ್ಳುತ್ತಾರೆ. ಸಮಾನತೆ ಇದ್ದರೂ ಯಾರ ಕೆಲಸ ಯಾವುದು ಎಂಬುದರಲ್ಲಿ ಸಂಶಯವಿಲ್ಲ. ಎಲ್ಲರೂ ಪಲ್ಲಕ್ಕಿ ಏರಿದರೆ ಹೊರುವವರು ಯಾರು ಎಂಬುದನ್ನು ಅವರು ಮೊದಲೇ ಇತ್ಯರ್ಥ ಮಾಡಿಕೊಂಡರು.

ಹಾಗಾದರೆ ನಾವು ಏನು ಮಾಡಬೇಕು? ದೊಡ್ಡ ಕನ್ಸಲ್ಟೆಂಟ್ ಬೇಡ. ಐದು ಕೆಲಸ ಹೇಳುತ್ತೇನೆ.

ಮೊದಲನೆಯದು, ನಿಮ್ಮ ವ್ಯವಹಾರದಲ್ಲಿ ಮತ್ತೆ ಮತ್ತೆ ಬರುವ ಹತ್ತು ತೀರ್ಮಾನಗಳನ್ನು ಬರೆಯಿರಿ. ಬೆಲೆ, ಸಾಲ, ಖರೀದಿ, ಹೊಸಬರ ನೇಮಕ, ಸಂಬಳ, ರಜೆ, ಗಿರಾಕಿಗೆ ಕೊಡುವ ದಿನಾಂಕ, ಕೆಟ್ಟ ಮಾಲಿನ ವಾಪಸಾತಿ, ಹಣ ಪಾವತಿ, ದೂರು. ಪ್ರತಿಯೊಂದರ ಮುಂದೆ ಒಂದೇ ಹೆಸರು ಬರೆಯಿರಿ. 'ನಾವಿಬ್ಬರೂ' ಎಂದು ಬರೆಯಬೇಡಿ.

ಎರಡನೆಯದು, ಆ ಹೆಸರಿನವರು ಇಲ್ಲದ ದಿನ ಯಾರು ಎಂದೂ ಬರೆಯಿರಿ. ಬಾಣಂತನ, ಆಸ್ಪತ್ರೆ, ಊರಿನ ಜಾತ್ರೆ ಯಾವುದೂ ಹೇಳಿ ಕೇಳಿ ಬರುವುದಿಲ್ಲ.

ಮೂರನೆಯದು, ಪಾಲುದಾರಿಕೆ ಇದ್ದರೆ ಒಪ್ಪಂದ ಪತ್ರ ಲಿಖಿತವಾಗಿರಲಿ. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ ದಿನನಿತ್ಯದ ವಿಷಯಗಳು ಬಹುಮತದಿಂದ ತೀರ್ಮಾನವಾಗುತ್ತವೆ. ವ್ಯವಹಾರದ ಸ್ವರೂಪವನ್ನೇ ಬದಲಾಯಿಸಲು ಎಲ್ಲರ ಒಪ್ಪಿಗೆ ಬೇಕು. ಇಬ್ಬರೇ ಪಾಲುದಾರರಿದ್ದರೆ ಬಹುಮತ ಎಲ್ಲಿಂದ ಬರಬೇಕು? ಇನ್ನೊಂದು ವಿಷಯ ನೆನಪಿಡಿ. ಒಬ್ಬ ಪಾಲುದಾರಳು ವ್ಯವಹಾರದ ಹೆಸರಿನಲ್ಲಿ ಮಾಡಿದ ಸಾಲಕ್ಕೆ ಇನ್ನೊಬ್ಬಳೂ ಪೂರ್ತಿ ಹೊಣೆ. ಗೆಳೆತನ ಎಷ್ಟೇ ಗಟ್ಟಿ ಇದ್ದರೂ ಕಾನೂನು ಅದನ್ನು ಕೇಳುವುದಿಲ್ಲ.

ನಾಲ್ಕನೆಯದು, ಒಬ್ಬ ಕೆಲಸಗಾರನಿಗೆ ಒಬ್ಬರೇ ಆಜ್ಞೆ ಕೊಡಲಿ. ಹೆನ್ರಿ ಫಯೋಲ್ ಎಂಬ ಫ್ರೆಂಚ್ ಗಣಿ ಎಂಜಿನಿಯರ್ ಇದನ್ನು 1916ರಲ್ಲೇ ಬರೆದಿಟ್ಟರು. ಯಜಮಾನರ ಹೆಂಡತಿಯಾಗಿರಲಿ, ತಂದೆಯಾಗಿರಲಿ, ಹೇಳಬೇಕಾದ್ದನ್ನು ಆ ಮೇಲ್ವಿಚಾರಕರ ಮೂಲಕವೇ ಹೇಳಲಿ. ವಾದ ಮಾಡುವುದಿದ್ದರೆ ಬಾಗಿಲು ಹಾಕಿಕೊಂಡು ಬೇಕಾದಷ್ಟು ಮಾಡಿ. ಹೊರಗೆ ಬಂದಾಗ ಒಂದೇ ಮಾತಿರಲಿ.

ಐದನೆಯದು, ಜನರ ಸಂಖ್ಯೆ ದುಪ್ಪಟ್ಟಾದಾಗಲೆಲ್ಲ ಈ ಪಟ್ಟಿಯನ್ನು ಮತ್ತೆ ತೆಗೆದು ನೋಡಿ. ಮೂವರಿಗೆ ಹೊಂದಿದ್ದು ಆರು ಜನರಿಗೆ ಹೊಂದುವುದಿಲ್ಲ.

"ನಾವು ಒಂದೇ ಮನೆಯವರ ಹಾಗೆ ಇದ್ದೇವೆ, ಬರೆದಿಟ್ಟರೆ ನಂಬಿಕೆ ಇಲ್ಲ ಎಂದಾಗುತ್ತದೆ" ಎಂದು ಹಲವರು ನನಗೆ ಹೇಳಿದ್ದಾರೆ. ನಮ್ಮ ಹಳೆಯ ಕೂಡುಕುಟುಂಬಗಳನ್ನು ನೆನೆಸಿಕೊಳ್ಳಿ. ಉಗ್ರಾಣದ ಬೀಗದ ಕೈ ಯಾರ ಸೊಂಟದಲ್ಲಿದೆ ಎಂದು ಮನೆಯ ಚಿಕ್ಕ ಮಗುವಿಗೂ ಗೊತ್ತಿತ್ತು. ಅಕ್ಕಿ ಬೇಕಾದರೆ ಯಾರನ್ನು ಕೇಳಬೇಕು ಎಂಬುದರಲ್ಲಿ ಹೊಸ ಸೊಸೆಗೂ ಅನುಮಾನವಿರಲಿಲ್ಲ. ಆ ಮನೆಗಳಲ್ಲಿ ನಂಬಿಕೆ ಇರಲಿಲ್ಲವೇ? ಆ ಬೀಗದ ಕೈ ಸೊಸೆಯ ಕೈಗೆ ಯಾವಾಗ ಬರುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳುತ್ತಿರಲಿಲ್ಲ, ಅದು ಆ ವ್ಯವಸ್ಥೆಯ ಕೊರತೆ. ನಾವು ಅದನ್ನೂ ಬರೆಯೋಣ.

ಇನ್ನು ಕೆಲವರು, "ಒಬ್ಬರ ಮಾತೇ ಕೊನೆ ಎಂದರೆ ಸರ್ವಾಧಿಕಾರ ಆಗುವುದಿಲ್ಲವೇ?" ಎಂದು ಕೇಳುತ್ತಾರೆ. ಆಗುವುದಿಲ್ಲ. ಸಲಹೆ ಹತ್ತು ಜನರಿಂದ ಬರಲಿ, ತೀರ್ಮಾನ ಒಬ್ಬರು ಮಾಡಲಿ. ತಪ್ಪಾದರೆ ಅವರನ್ನು ಕೇಳಬಹುದು, ಬೇಕಾದರೆ ಬದಲಾಯಿಸಬಹುದು. ಯಾರು ತೀರ್ಮಾನಿಸಿದರು ಎಂದೇ ಗೊತ್ತಿಲ್ಲದಿದ್ದರೆ ಕೇಳುವುದು ಯಾರನ್ನು?

ನಮ್ಮ ಅಂಗಡಿ, ನಮ್ಮ ಕಂಪನಿ ಬೆಳೆಯಬೇಕು ಎಂಬ ಆಸೆ ನಮ್ಮೆಲ್ಲರಿಗೂ ಇದೆ. ಬೆಳೆದ ಮೇಲೆ ಅಲ್ಲಿ ನಮ್ಮ ಕನಸು ಒಂದೇ ಇರುವುದಿಲ್ಲ, ಇಪ್ಪತ್ತು ಮೂವತ್ತು ಮನೆಗಳ ಒಲೆಯೂ ಅದರಿಂದಲೇ ಉರಿಯುತ್ತದೆ. ಆ ಮನೆಯ ಹೆಣ್ಣುಮಗಳು ಕಷ್ಟ ಬಂದಾಗ ಯಾವ ಬಾಗಿಲು ತಟ್ಟಬೇಕು ಎಂಬುದು ಅವಳಿಗೆ ಗೊತ್ತಿರಬೇಕು, ತಟ್ಟಿದ ಬಾಗಿಲು ತೆರೆಯಬೇಕು. ಈ ಭಾನುವಾರ ಅರ್ಧ ಗಂಟೆ ಬಿಡುವು ಮಾಡಿಕೊಂಡು ಆ ಹತ್ತು ಸಾಲಿನ ಪಟ್ಟಿ ಬರೆಯಿರಿ. ಯಾವ ಸಾಲಿನ ಮುಂದೆ ಹೆಸರು ಬರೆಯಲು ಪೆನ್ನು ನಿಲ್ಲುತ್ತದೆಯೋ, ಅಲ್ಲಿಂದಲೇ ನಿಮ್ಮ ಕೆಲಸ ಶುರುಮಾಡಿ.